ಕಿವುಡನಿಗೆ ಕರಿ ಕನ್ನಡಕ

ಭಾರ್ಗವನಿಗೆ ಹಿಂದಿ ಬರುತ್ತದೆ ಎಂಬ ಸುದ್ದಿ ಸಿರುಗುಪ್ಪದಲ್ಲಿ ಹಬ್ಬಿದ್ದು ಒಂದು ಲೋಟ ಚಹಾದಿಂದ.

ಅವನು ಅಲ್ಲಿಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತ. ಒಂದು ಮಧ್ಯಾಹ್ನ ನಾಗಪುರದ ಕಡೆಯ ಅಕ್ಕಿ ವ್ಯಾಪಾರಿಯೊಬ್ಬ ಅಧ್ಯಕ್ಷರನ್ನು ಹುಡುಕಿಕೊಂಡು ಸಂಘದ ಒಳಗೆ ಬಂದ. ಉರ್ದು ಬಲ್ಲ ಅಟೆಂಡರ್ ಅಂದು ರಜೆಯಲ್ಲಿದ್ದ. ಉಳಿದವರೆಲ್ಲ ತಮ್ಮನ್ನು ಎಲ್ಲಿ ಮಾತಾಡಿಸಿಬಿಡುತ್ತಾನೋ ಎಂದು ಹೆದರಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಆಗ ಭಾರ್ಗವ ಎದ್ದು ನಿಂತು, "ಬೈಠಿಯೇ. ಚಾಯ್ ಪೀಜಿಯೇ. ಮಾಲಿಕ್ ಅಭೀ ಆಯೇಂಗೆ" ಎಂದ. ವ್ಯಾಪಾರಿ ಕುಳಿತ, ಚಹಾ ಕುಡಿದ, ಮಾಲೀಕರು ಬಂದರು. ನಡೆದದ್ದು ಇಷ್ಟೇ. ಆದರೆ ಪಕ್ಕದ ಕುರ್ಚಿಯ ಕ್ಯಾಶಿಯರ್ ದುರ್ಗೇಶ್‌ಗೆ ಯಾವ ಸುದ್ದಿಯನ್ನೂ ಇದ್ದಷ್ಟೇ ಗಾತ್ರದಲ್ಲಿ ಬಿಟ್ಟು ಅಭ್ಯಾಸವಿರಲಿಲ್ಲ. ಸಂಜೆಯ ಹೊತ್ತಿಗೆ ಭಾರ್ಗವ ಹಿಂದಿಯಲ್ಲಿ ವ್ಯಾಪಾರಿಯ ಜೊತೆ ವಾದ ಮಾಡಿ ಗೆದ್ದಿದ್ದ. ವಾರ ಕಳೆಯುವಷ್ಟರಲ್ಲಿ ದೊಡ್ಡ ಹಿಂದಿ ಪರೀಕ್ಷೆ ಪಾಸಾಗಿದ್ದ. ತಿಂಗಳಾಗುವಷ್ಟರಲ್ಲಿ ದಿಲ್ಲಿಯಲ್ಲಿಯೇ ಓದಿ ಬಂದಿದ್ದ.

ನಿಜವಾಗಿ ಹಿಂದಿ ಅವನಿಗೆ ಶಾಲೆಯಲ್ಲಿ ಮೂರನೆಯ ಭಾಷೆಯಾಗಿತ್ತು. ಮೇಷ್ಟ್ರು ಪಾಸಿಗೆ ಬೇಕಾದಷ್ಟು ಅಂಕ ಕೊಟ್ಟು ಕೈಮುಗಿದು ಕಳಿಸಿದ್ದರು. ಸುದ್ದಿಯನ್ನು ಅಲ್ಲಗಳೆಯಬಹುದಿತ್ತು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಜನ "ಪಂಡಿತರ, ನಮಸ್ಕಾರ್ರಿ" ಎಂದಾಗ ಇಲ್ಲವೆನ್ನಲು ಬೇಕಾದ ಧೈರ್ಯ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ.

ಅವನ ಮನೆ ಇದ್ದದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ದಿನವೂ ಸಿರುಗುಪ್ಪಕ್ಕೆ ಬಸ್ಸು, ದಿನವೂ ವಾಪಸು. ಕೊಯ್ಲಿನ ಕಾಲದಲ್ಲಿ ಭತ್ತದ ಟ್ರ್ಯಾಕ್ಟರುಗಳ ಹಿಂದೆ ಆ ಬಸ್ಸು ಎಮ್ಮೆಯ ಹಿಂದಿನ ಕರುವಿನ ಹಾಗೆ ತೂಗಾಡಿಕೊಂಡು ಬರುತ್ತಿತ್ತು. ಈಗ ಸಂಘದ ಬಳ್ಳಾರಿ ಶಾಖೆಯಲ್ಲಿ ಒಬ್ಬರು ನಿವೃತ್ತರಾಗಿ ಕುರ್ಚಿ ಖಾಲಿಯಾಗಿತ್ತು. ಅದನ್ನು ಯಾರಿಗೆ ಕೊಡುವುದೆಂಬುದು ಅಧ್ಯಕ್ಷ ಚಿದಾನಂದಪ್ಪನ ಕೈಯಲ್ಲಿತ್ತು. ಅಕ್ಕಿ ಗಿರಣಿಯ ಮಾಲೀಕ, ದೊಡ್ಡ ಮೀಸೆ, ದೊಡ್ಡ ದನಿ. ಭಾರ್ಗವನ ಹೆಂಡತಿ ಶ್ರೀವಲ್ಲಿ ದಿನವೂ "ಇವತ್ತರೆ ಕೇಳ್ರಿ" ಎಂದು ಹೇಳಿ ಕಳಿಸುತ್ತಿದ್ದಳು. ಭಾರ್ಗವ ದಿನವೂ ಅಧ್ಯಕ್ಷರ ಬಾಗಿಲ ತನಕ ಹೋಗಿ, ಒಳಗೆ ಮೀಸೆ ಕಂಡ ಕೂಡಲೆ ನೀರು ಕುಡಿಯಲು ಬಂದವನಂತೆ ಮರಳುತ್ತಿದ್ದ.

ಆ ಶನಿವಾರ ಚಿದಾನಂದಪ್ಪನೇ ಅವನನ್ನು ಒಳಗೆ ಕರೆದ.

"ಬರ್ರಿ ಆಚಾರ್ರ. ನಮ್ಮ ಪಾರಕ್ಕನ ಮಗ ಗವಿಸಿದ್ದೇಶ ಗೊತ್ತಲ್ಲ, ಕುರುಗೋಡಿನವ? ಬಿಕಾಂ ಮುಗಿಸಿ ಆ್ಯಕ್ಟರ್ ಆಗ್ತೀನಂತ ಮುಂಬಯಿಗೆ ಓಡಿಹೋದ್ನಲ್ಲ. ಈಗೊಂದು ಹಿಂದಿ ಪಿಕ್ಚರ್‌ನಾಗ ಬಂದಾನ. ಕಾಮಿಡಿ ಪಿಕ್ಚರ್ ಅಂತ. ನಾಳೆ ಬಳ್ಳಾರಿಯಾಗ ಬೆಳಿಗ್ಗಿ ಆಟಕ್ಕ ಮನಿ ಮಂದಿ ಎಲ್ಲ ಹೊಂಟೀವಿ."

"ಭಾಳ ಸಂತೋಷ ಸಾರ್."

"ಸಂತೋಷ ಅಲ್ರೀ, ಸಂಕಟ. ಅವನ್ನ ಸಾಕಿದಾಕಿ ನಮ್ಮವ್ವ. ಹೋಗೋ ಹೊತ್ತಿನ್ಯಾಗ ಇಬ್ಬರಿಗೂ ಜಗಳ ಆಗಿ, ಕುಣಿಯಾಕ ಹೋಗವ ನನ್ನ ಹೊಸ್ತಿಲಿ ತುಳೀಬ್ಯಾಡ ಅಂದ್ಲು. ಅವತ್ತಿನಿಂದ ಫೋನ್ ಸುದ್ದಾ ಮುಟ್ಟಿಲ್ಲ. ಈಗ ನೋಡಿದ್ರ ಪಿಕ್ಚರಿಗೆ ಬರ್ತೀನಿ ಅಂತಾಳ. ಅವನ ಸಲುವಾಗಿ ಅಲ್ಲಂತ, ಸುಮ್ಮನ ನಗಾಕಂತ!" ಚಿದಾನಂದಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಅವ್ವಗ ಕನ್ನಡ, ತೆಲುಗು ಬಿಟ್ರ ಬ್ಯಾರೆ ಬರಂಗಿಲ್ಲ. ನೀವು ಅಕಿ ಬಾಜೂಕ ಕುಂತು ಒಂದೊಂದು ಮಾತೂ ಬಿಡಿಸಿ ಹೇಳ್ರಿ. ದುರ್ಗೇಶ ಅಂತಾನ, ನಿಮ್ಮ ಕಿವ್ಯಾಗ ಹಿಂದಿ ಹೊಕ್ರ ಬಾಯಾಗ ಕನ್ನಡ ಬರ್ತೈತಂತ."

"ಸಾರ್, ಅದು ಏನಂದ್ರ..."

"ನಿಮ್ಮದೂ ಏನೋ ಕೇಳೋದು ಐತಂತಲ್ಲ? ನಾಳೆ ಊಟ ಆದ ಮ್ಯಾಲ ಕೇಳ್ರಿ. ಏನ ಕೇಳಿದ್ರೂ ಇಲ್ಲ ಅನ್ನಂಗಿಲ್ಲ."

ಭಾರ್ಗವನ ಬಾಯಲ್ಲಿದ್ದ 'ಏನಂದ್ರ' ಅಲ್ಲಿಯೇ ಕರಗಿತು.

ಸಂಜೆ ಮನೆಗೆ ಬಂದವನು ಅಂಗಿ ಬಿಚ್ಚದೆ ಕುಳಿತ. ಶ್ರೀವಲ್ಲಿ ವಿಷಯ ಕೇಳಿ, ಬದನೆಕಾಯಿ ಹೆಚ್ಚುತ್ತಿದ್ದ ಕೈ ಒರೆಸಿಕೊಂಡು ಮೊಬೈಲು ತೆಗೆದಳು. ಸ್ವಲ್ಪ ಹೊತ್ತು ಹುಡುಕಿ, "ಇದು ಯಾವುದೋ ಹೊರದೇಶದ ಪಿಕ್ಚರಿನ ರಿಮೇಕ್ ಅಂತ ನೋಡ್ರಿ. ಮೂಲದ ಕತಿ ಪೂರಾ ಇಲ್ಲೇ ಬರದಾರ" ಎಂದಳು.

ಭಾರ್ಗವನಿಗೆ ಪ್ರಶ್ನೆಪತ್ರಿಕೆಯೇ ಸಿಕ್ಕಂತಾಯಿತು. ಕತೆ ಸರಳವಾಗಿತ್ತು. ಕೆಲಸ ಕಳೆದುಕೊಂಡವನೊಬ್ಬ ಕಿವುಡನಂತೆ ನಟಿಸಿ ಸಿರಿವಂತ ಮುದುಕಿಯೊಬ್ಬಳ ಮನೆಯಲ್ಲಿ ಅಡುಗೆಗೆ ಸೇರುತ್ತಾನೆ. ಇವನಿಗೆ ಕೇಳಿಸುವುದಿಲ್ಲವೆಂದು ಮುದುಕಿಯ ಮಕ್ಕಳು ಇವನ ಎದುರಿಗೇ ಅವಳ ಆಸ್ತಿ ನುಂಗುವ ಸಂಚು ಮಾತಾಡುತ್ತಾರೆ. ಕೊನೆಗೆ ಇವನು ಬಾಯಿಬಿಟ್ಟು ಮುದುಕಿಯನ್ನು ಉಳಿಸುತ್ತಾನೆ. ಭಾರ್ಗವ ಅದನ್ನು ಸಂಧ್ಯಾವಂದನೆಯ ಹಾಗೆ ಬಾಯಿಪಾಠ ಮಾಡಿದ.

"ಹಿಂದಿಯವರು ಕತಿ ಬದಲು ಮಾಡಿದ್ರ?" ಎಂದಳು ಶ್ರೀವಲ್ಲಿ.

"ಹುಚ್ಚಿ, ದುಡ್ಡು ಕೊಟ್ಟು ತಂದ ಕತಿ ಯಾರರೆ ಬದಲು ಮಾಡ್ತಾರೇನು?"

ಭಾನುವಾರ ಬೆಳಿಗ್ಗೆ ಟಾಕೀಸಿನ ಮುಂದೆ ಸಿರುಗುಪ್ಪದ ಕ್ರೂಸರ್ ಗಾಡಿ ಬಂದು ನಿಂತಿತು. ಮೊದಲು ಇಳಿದವಳು ಅಕ್ಕನಾಗಮ್ಮ. ಹಣೆಯ ತುಂಬ ವಿಭೂತಿ, ಇಳಕಲ್ ಸೀರೆ. ಗಿರಣಿಯ ಹಮಾಲರನ್ನು ಇಂದಿಗೂ ಒಂದು ಕೆಮ್ಮಿನಿಂದ ನಿಲ್ಲಿಸಬಲ್ಲ ಮುದುಕಿ. ಹಿಂದೆ ಮಗ ಚಿದಾನಂದಪ್ಪ. ಮಗಳು ಪಾರಮ್ಮ ಕುರುಗೋಡಿನಿಂದ ಗಂಡ ಚಂದ್ರಣ್ಣನ ಜೊತೆ ಮೊದಲ ಬಸ್ಸಿಗೇ ಬಂದು ಗೇಟಿನ ಹತ್ತಿರ ಕಾಯುತ್ತಿದ್ದಳು. ಪೋಸ್ಟರಿನಲ್ಲಿ ಮಗನನ್ನು ಹುಡುಕಿ ಹುಡುಕಿ, ಹೀರೋನ ಮೊಣಕೈ ಹಿಂದೆ ಮಸುಕಾಗಿ ಕಾಣುತ್ತಿದ್ದ ಒಂದು ಕಿವಿ ಅವನದೇ ಎಂದು ತೀರ್ಮಾನ ಮಾಡಿದ್ದಳು. ದುರ್ಗೇಶ್ ಯಾರೂ ಕರೆಯದೆ ಬಂದಿದ್ದ. ಅವನ ಕೈಯಲ್ಲಿ ಎಲ್ಲರಿಗೂ ಆಗುವಷ್ಟು ಒಗ್ಗರಣೆ ಮಂಡಕ್ಕಿ, ಮಿರ್ಚಿ.

"ಇವರ ಏನಪ್ಪಾ ಹಿಂದಿ ಆಚಾರ್ರು?" ಎಂದು ಅಕ್ಕನಾಗಮ್ಮ ಭಾರ್ಗವನನ್ನು ಅಕ್ಕಿ ಮಾದರಿ ನೋಡುವಂತೆ ಮೇಲಿಂದ ಕೆಳಗೆ ನೋಡಿದಳು. "ಒಂದು ಮಾತೂ ಬಿಡಬ್ಯಾಡ್ರಿ ಮತ್ತ."

ಎಲ್ಲ ಟಾಕೀಸುಗಳಲ್ಲಿ ತೆಲುಗು ಪಿಕ್ಚರ್ ತುಂಬಿ ತುಳುಕುತ್ತಿದ್ದ ಕಾಲ. ಈ ಹಿಂದಿ ಪಿಕ್ಚರಿಗೆ ಒಂದೇ ಆಟ ಕೊಟ್ಟಿದ್ದರು, ಅದಕ್ಕೂ ಅಲ್ಲೊಬ್ಬ ಇಲ್ಲೊಬ್ಬ ಪ್ರೇಕ್ಷಕ. ದೀಪ ಆರಿತು. ತೆರೆಯ ಮೇಲೆ ಹೀರೋನನ್ನು ಆಫೀಸಿನಿಂದ ಹೊರಗೆ ತಳ್ಳಿದರು. ಬಾಯಿಪಾಠ ಮಾಡಿದ ಹಾಗೆಯೇ ಕತೆ ಹೊರಟಿದ್ದನ್ನು ಕಂಡು ಭಾರ್ಗವನಿಗೆ ಹುರುಪು ಬಂತು.

"ಕೆಲಸ ಹೋತಮ್ಮಾ ಅವಂದು. ಇನ್ನ ನೋಡ್ರಿ, ಕಿವುಡನ ವೇಷ ಹಾಕ್ತಾನ. ಏನೂ ಕೇಳಸಂಗಿಲ್ಲ ಅಂತ ನಾಟಕ."

"ನಿಮಗ ಮುಂದಿಂದೂ ತಿಳೀತೈತೇನ್ರೀ!"

"ಭಾಷಾ ಬಂದ್ರ ಎಲ್ಲಾ ತಾನ ತಿಳೀತದಮ್ಮಾ."

ಅವನ ಮಾತು ಮುಗಿಯುವಷ್ಟರಲ್ಲಿ ಹೀರೋ ಕರಿ ಕನ್ನಡಕ ಹಾಕಿಕೊಂಡು, ಬಿಳಿ ಕೋಲು ಹಿಡಿದು ಬಂದು ದೀಪದ ಕಂಬಕ್ಕೆ ಡಿಕ್ಕಿ ಹೊಡೆದ.

ಹಿಂದಿಯವರು ಕಿವುಡನನ್ನು ಕುರುಡನನ್ನಾಗಿ ಮಾಡಿದ್ದರು.

ಭಾರ್ಗವನ ಗಂಟಲಿನಲ್ಲಿ ಮಂಡಕ್ಕಿ ನಿಂತಿತು. ಅಕ್ಕನಾಗಮ್ಮ ಅವನ ಕಡೆ ಬಾಗಿದಳು. "ಕಿವುಡಗ ಕೋಲು ಯಾಕ್ರೀ?"

"ಕಿವಿ ಹೋದ್ರ ನಡಿಗಿ ತೂಕ ತಪ್ತದಮ್ಮಾ. ಅದಕ್ಕ."

"ಕರಿ ಕನ್ನಡಕ?"

"ಕಿವಿ ಕಾವು ಕಣ್ಣಿಗೆ ಏರ್ತದ."

"ಹೌದಮ್ಮಾ, ನಮ್ಮ ಕಾಕಗೂ ಹಂಗ ಆಗಿತ್ತು" ಎಂದು ಕತ್ತಲೆಯಲ್ಲಿ ದುರ್ಗೇಶ್ ಸಾಕ್ಷಿ ನುಡಿದ.

ಹಿಂದಿನ ಸಾಲಿನಿಂದ ಹಸಿರು ಅಂಗಿಯವನೊಬ್ಬ ತಲೆ ಮುಂದೆ ಚಾಚಿದ. "ಸಾರ್, ಕಿವುಡ ಅಲ್ಲ ಅವ. ಅಂಧಾ, ಅಂಧಾ! ಕುರುಡ!"

"ಅದು ಮ್ಯಾಲಿನ ಅರ್ಥ" ಎಂದು ಭಾರ್ಗವ ಪಿಸುಗುಟ್ಟಿದ. "ನಾ ಹೇಳಾಕತ್ತಿದ್ದು ಒಳಗಿಂದು."

ಹಸಿರು ಅಂಗಿಯವನು ಏನೋ ಯೋಚಿಸುತ್ತ ಹಿಂದಕ್ಕೆ ಒರಗಿದ.

ಮುಂದೆ ಸಿರಿವಂತ ಮುದುಕಿಯ ಮನೆ ಬರಬೇಕಿತ್ತು. ಮನೆ ಬಂತು, ಮುದುಕಿ ಬರಲಿಲ್ಲ. ಬದಲಿಗೆ ಮೂವರು ದಪ್ಪ ಗಂಡಸರು ಮತ್ತು ಒಂದು ಮಂಗ ಬಂದರು. ಮುದುಕಿ ಎಲ್ಲಿ ಎಂದು ಅಕ್ಕನಾಗಮ್ಮ ಕೇಳಿದಳು. ಊರಿಗೆ ಹೋಗಿದ್ದಾಳೆ ಎಂದ ಭಾರ್ಗವ. ಮಂಗ ಯಾರು ಎಂದಳು. ಮುದುಕಿಯ ಮನೆಯ ಲೆಕ್ಕ ನೋಡಿಕೊಳ್ಳುವವನು ಎಂಬ ಮಾತು ಅವನಿಗೇ ತಿಳಿಯದೆ ಬಾಯಿಂದ ಬಿತ್ತು. ಅಷ್ಟರಲ್ಲಿ ಹೀರೋ ಕೋಲು ಎಸೆದು, ಎಲ್ಲಿಯದೋ ಹಿಮದ ಗುಡ್ಡದ ಮೇಲೆ ಒಂದು ಹಿಂಡು ಹುಡುಗಿಯರ ಜೊತೆ ಕುಣಿಯಲು ಶುರುಮಾಡಿದ.

"ಕಿವುಡ ತಾಳಕ್ಕ ಸರಿಯಾಗಿ ಹೆಂಗ ಕುಣಿತಾನ್ರೀ?"

"ನೆಲ ನಡುಗ್ತದಲ್ಲಮ್ಮಾ. ಅಂಗಾಲಾಗ ಕೇಳಸ್ತದ."

ಹಾಡು ಮುಗಿಯಿತು. ಬಾಗಿಲು ತೆರೆದು ಹೀರೋ ಒಳಗೆ ಬಂದ. ಆದರೆ ಹೀರೋ ಆಗಲೇ ಒಳಗೆ ಸೋಫಾದ ಮೇಲೆ ಕುಳಿತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಿರುಚಿದರು. ಆ ಸದ್ದಿಗೆ, ಆರಂಭದಿಂದಲೂ ನಿದ್ದೆಯಲ್ಲಿದ್ದ ಚಂದ್ರಣ್ಣನಿಗೆ ಎಚ್ಚರವಾಯಿತು.

"ಏನಾತಲೇ?"

"ಕಿವುಡ ಎರಡಾದ" ಎಂದಳು ಪಾರಮ್ಮ.

ಚಂದ್ರಣ್ಣ ಮತ್ತೆ ಕಣ್ಣು ಮುಚ್ಚಿದ.

ಇಡೀ ಟಾಕೀಸಿನಲ್ಲಿ ಅಲ್ಲಿಯ ತನಕ ನಕ್ಕಿದ್ದು ತೆರೆಯ ಮೇಲಿನ ಮಂಗ ಒಂದೇ. ಆದರೆ ಅಕ್ಕನಾಗಮ್ಮ ಈಗ ಇದ್ದಕ್ಕಿದ್ದಂತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಲೆಕ್ಕದ ಮಂಗ್ಯಾ ನೋಡ್ರಿ, ನಮ್ಮ ಗಿರಣಿ ರೈಟರ್ ಹಂಗ ತಲಿ ಕೆರಕೊಳಾಕತ್ತೈತಿ!" ಪಾರಮ್ಮನೂ ನಕ್ಕಳು. ಚಿದಾನಂದಪ್ಪನೂ ಮೀಸೆಯೊಳಗೆ ನಕ್ಕ. ಹೆದರಿಕೆಯ ನಡುವೆಯೂ ಭಾರ್ಗವನಿಗೆ ಒಂದು ಬಗೆಯ ರುಚಿ ಹತ್ತಿತು. ಮಂಗ ಹಲ್ಲು ಕಿಸಿದರೆ, "ಸಾಲ ಕಟ್ಟಿಲ್ಲ ಅಂತ ಬೈಯಾಕತ್ತದ" ಎಂದ. ದಪ್ಪ ಗಂಡಸು ಚೀರಿದರೆ, "ಮುಂದಿನ ವಾರ ಕೊಡ್ತೀನಿ ಅಂತಾನ" ಎಂದ.

ಇಂಟರ್ವಲ್ ಆದ ಕೂಡಲೆ ಭಾರ್ಗವ ಹೊರಗೆ ಓಡಿ ಹಸಿರು ಅಂಗಿಯವನನ್ನು ಹಿಡಿದ. ಅವನು ಹೆಂಡತಿಗಾಗಿ ಚಹಾ ಕೊಳ್ಳುತ್ತಿದ್ದ. ಕೌಲ್ ಬಜಾರಿನಲ್ಲಿ ತನ್ನದು ವೆಲ್ಡಿಂಗ್ ಶಾಪು ಎಂದು ಪರಿಚಯ ಹೇಳಿಕೊಂಡ.

"ಭಾಯ್, ನಿಮಗ ಹಿಂದಿ ಬರ್ತದಲ್ಲ. ಇಷ್ಟೊತ್ತು ಏನು ನಡೀತು, ದಯಮಾಡಿ ಹೇಳಿಬಿಡ್ರಿ."

"ಹಿಂದಿ ಬರ್ತೈತಿ ಸಾರ್. ಈ ಪಿಕ್ಚರ್ ಬರಂಗಿಲ್ಲ" ಎಂದು ಅವನು ನಿಟ್ಟುಸಿರು ಬಿಟ್ಟ. "ಮೊದ್ಲು ಸ್ವಲ್ಪ ಹೊತ್ತು ನೋಡಿದೆ, ಕುಛ್ ಭೀ ತಿಳೀಲಿಲ್ಲ. ಆಮ್ಯಾಲಿಂದ ನಿಮ್ಮ ಮಾತು ಕೇಳ್ಕೋಂತ ಕುಂತೀನಿ."

"ನಾ ಹೇಳಾಕತ್ತಿದ್ದು ತಪ್ಪು ಅದರೀ!"

"ಗೊತ್ತೈತಿ. ಆದ್ರ ನಿಮ್ಮದರಾಗ ಒಂದು ಕತಿ ಐತಿ. ನನ್ನ ಬೀವಿನೂ ಕೇಳಾಕತ್ಯಾಳ. ಸ್ವಲ್ಪ ಜೋರಾಗಿ ಹೇಳ್ರಿ."

ಎರಡನೆಯ ಅರ್ಧದಲ್ಲಿ ಪೊಲೀಸರು ಬಂದರು, ದೆವ್ವ ಬಂತು, ಮೂವರು ದಪ್ಪ ಗಂಡಸರಲ್ಲಿ ಒಬ್ಬ ಹೆಂಗಸಿನ ವೇಷ ಹಾಕಿದ. ಯಾರು ಯಾರನ್ನು ಯಾಕೆ ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಎಂಬುದು ಓಡುತ್ತಿದ್ದವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಊರಿಗೆ ಹೋದ ಮುದುಕಿ ಇನ್ನೂ ಯಾಕೆ ಬರಲಿಲ್ಲವೆಂದು ಅಕ್ಕನಾಗಮ್ಮ ನಡುನಡುವೆ ಕೇಳುತ್ತಲೇ ಇದ್ದಳು. ಭಾರ್ಗವ ಒಮ್ಮೆ ಬಸ್ಸು ತಪ್ಪಿಸಿದ, ಒಮ್ಮೆ ಮೊಣಕಾಲು ನೋವು ತರಿಸಿದ. ಅವನ ತಲೆಯೊಳಗೆ ಎರಡು ಪಿಕ್ಚರ್ ಒಂದರ ಮೇಲೊಂದು ಓಡುತ್ತಿದ್ದವು. ಮೂರನೆಯದು ಬಾಯಿಂದ ಬರುತ್ತಿತ್ತು.

ಕೊನೆಗೆ ಒಂದು ಮದುವೆ ಮನೆ. ಬಾಗಿಲಲ್ಲಿ ಒಂದು ಕಾರು. ಕಾರಿನ ಪಕ್ಕ ಡ್ರೈವರಿನ ಉಡುಪಿನಲ್ಲಿ ಒಬ್ಬ ತೆಳ್ಳನೆಯ ಹುಡುಗ ಕೈಮುಗಿದು ನಿಂತಿದ್ದ. ಕಣ್ಣಲ್ಲಿ ನೀರು, ತುಟಿ ನಡುಗುತ್ತಿತ್ತು.

"ಗವೀ! ನಮ್ಮ ಗವೀ!" ಎಂದು ಪಾರಮ್ಮ ಸೀಟಿನಿಂದ ಎದ್ದು ಕೂಗಿದಳು. ಚಿದಾನಂದಪ್ಪ ಶಿಳ್ಳೆ ಹೊಡೆದ. ದುರ್ಗೇಶ್ ಮಂಡಕ್ಕಿ ತೂರಿದ. ಏನೂ ಗೊತ್ತಿಲ್ಲದ ಹಸಿರು ಅಂಗಿಯವನೂ ಚಪ್ಪಾಳೆ ತಟ್ಟಿದ. ಆ ಗದ್ದಲದೊಳಗೆ ಹುಡುಗ ಬಾಯಿ ತೆರೆದು ಒಂದು ಮಾತು ಹೇಳಿದ, ಮತ್ತು ದೃಶ್ಯ ಬದಲಾಯಿತು. ಮುಂದೆ ಅವನು ಬರಲೇ ಇಲ್ಲ.

"ಏನಂದ?" ಎಂದಳು ಪಾರಮ್ಮ. "ಏನಂದ?" ಎಂದ ಚಿದಾನಂದಪ್ಪ. ಅಕ್ಕನಾಗಮ್ಮ ಭಾರ್ಗವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಭಾರ್ಗವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ನಿಜ ಹೇಳಿಬಿಡೋಣ ಎಂದುಕೊಂಡ. ಆದರೆ ಮುದುಕಿಯ ಮುಖ ನೋಡಿದ. ತೆರೆಯ ಬೆಳಕಿನಲ್ಲಿ ಅವಳು ಅವನನ್ನು ನೋಡುತ್ತಿರಲಿಲ್ಲ, ಮೊಮ್ಮಗ ನಿಂತಿದ್ದ ಜಾಗವನ್ನೇ ನೋಡುತ್ತಿದ್ದಳು; ಅಲ್ಲಿ ಈಗ ಮಂಗ ಇತ್ತು.

"ದೊಡ್ಡ ಊರು ಸಾಕಾತು ಅಂದ ಅಮ್ಮಾ" ಎಂದ ಭಾರ್ಗವ. ದನಿ ಅವನದೇ ಎನ್ನಿಸಲಿಲ್ಲ. "ನಾನು ನಮ್ಮೂರಿಗೆ ಹೋಗ್ತೀನಿ. ಅಲ್ಲಿ ನಮ್ಮಜ್ಜಿ ನನ್ನ ದಾರಿ ನೋಡಾಕತ್ಯಾಳ ಅಂದ."

ಅಕ್ಕನಾಗಮ್ಮನ ಕೆನ್ನೆಯ ಮೇಲೆ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಹಿಂದಿನ ಸಾಲಿನಲ್ಲಿ ವೆಲ್ಡಿಂಗಿನವನ ಹೆಂಡತಿ ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

ಆಟ ಮುಗಿದ ಮೇಲೆ ಊಟಕ್ಕೆ ಖಾನಾವಳಿಗೆ ಹೋದರು. ಬಿಸಿ ರೊಟ್ಟಿ ಬಂತು, ಎಣ್ಣೆಗಾಯಿ ಬಂತು. ಅಕ್ಕನಾಗಮ್ಮ ಮುಟ್ಟಲಿಲ್ಲ.

"ಪಾರೀ, ಅವಗ ಫೋನ್ ಹಚ್ಚು."

ಭಾರ್ಗವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಈಗ ಶೂಟಿಂಗ್ ಇರ್ತದಮ್ಮಾ" ಎಂದ. "ಭಾನುವಾರ" ಎಂದಳು ಪಾರಮ್ಮ. "ಇಲ್ಲಿ ಸಿಗ್ನಲ್ ಬರಂಗಿಲ್ಲ" ಎಂದ. "ನಂದರಾಗ ಫುಲ್ ಐತಿ" ಎಂದು ದುರ್ಗೇಶ್ ತನ್ನ ಮೊಬೈಲನ್ನೇ ಚಾಚಿದ. ಪಾರಮ್ಮ ಮಗನ ನಂಬರು ಒತ್ತಿದ ಕೂಡಲೆ ವಿಡಿಯೊ ಕರೆ ಹತ್ತಿತು. ತೆರೆಯ ಮೇಲಿನ ಹುಡುಗನೇ, ಆದರೆ ಗಡ್ಡ ಬೆಳೆದಿತ್ತು. ಅವನ ಹಿಂದೆ ಒಂದು ಸಣ್ಣ ಕೋಣೆ, ಹಗ್ಗದ ಮೇಲೆ ಒಣಹಾಕಿದ ಬಟ್ಟೆ, ನೆಲದ ಮೇಲೆ ಒಂದು ಸ್ಟೌ.

"ಅಜ್ಜೀ?" ಎಂದ ಗವಿಸಿದ್ದೇಶ. ನಂಬಲಾರದೆ ಮೊಬೈಲನ್ನು ಮುಖದ ಹತ್ತಿರ ತಂದ.

"ಲೇ ಗವೀ, ನೀ ಅಂದಿದ್ದು ಕೇಳ್ದೆ. ನನ್ನದೂ ತಪ್ಪಾತು. ಬಂದುಬಿಡು."

"ನಾ ಏನಂದೆ ಅಜ್ಜಿ?"

"ಪಿಕ್ಚರ್‌ನಾಗ ಅಂದಿಯಲ್ಲೋ. ದೊಡ್ಡ ಊರು ಸಾಕಾತು, ನಮ್ಮಜ್ಜಿ ದಾರಿ ನೋಡಾಕತ್ಯಾಳ, ಊರಿಗೆ ಹೋಗ್ತೀನಂತ."

"ಪಿಕ್ಚರ್‌ನಾಗ? ನಾ ಅಂದಿದ್ದು..."

ಭಾರ್ಗವನಿಗೆ ಭಯಂಕರವಾಗಿ ಕೆಮ್ಮು ಬಂತು. ಕೆಮ್ಮುತ್ತಲೇ ಅಕ್ಕನಾಗಮ್ಮನ ಭುಜದ ಮೇಲಿಂದ ತಲೆ ತೂರಿಸಿ, "ನಮಸ್ಕಾರ್ರಿ ಗವಿಸಿದ್ದೇಶ್! ನಾ ಭಾರ್ಗವ. ಅಮ್ಮನವರಿಗೆ ನಿಮ್ಮ ಹಿಂದಿ ಬಿಡಿಸಿ ಹೇಳಿದವ ನಾನ!" ಎಂದ. ಬಾಯಿ ಇಷ್ಟು ಹೇಳುತ್ತಿದ್ದರೆ ಕಣ್ಣು, ಹುಬ್ಬು, ಮೂಗು ಎಲ್ಲವೂ ಬೇರೆಯೇ ಬೇಡಿಕೊಳ್ಳುತ್ತಿದ್ದವು.

ಆ ಕಡೆ ಗವಿಸಿದ್ದೇಶ ಭಾರ್ಗವನನ್ನು ನೋಡಿದ. ಅಜ್ಜಿಯನ್ನು ನೋಡಿದ. ತಿರುಗಿ ತನ್ನ ಕೋಣೆಯನ್ನೊಮ್ಮೆ ನೋಡಿಕೊಂಡ.

"ಹೌದಜ್ಜಿ" ಎಂದ. "ಅಂದೆ. ಬರ್ತೀನಿ."

ಪಾರಮ್ಮ ಗೋಳೋ ಎಂದು ಅತ್ತಳು. ಚಂದ್ರಣ್ಣ ಬೆಳಗಿನಿಂದ ಮೊದಲ ಸಲ ಪೂರ್ತಿ ಎಚ್ಚರವಾಗಿ ಕಣ್ಣೊರೆಸಿಕೊಂಡ. ಅಕ್ಕನಾಗಮ್ಮ ರೊಟ್ಟಿ ಮುರಿದಳು. ಚಿದಾನಂದಪ್ಪ ಎದ್ದು ಬಂದು ಎಣ್ಣೆಗಾಯಿಯ ಕೈಯಲ್ಲೇ ಭಾರ್ಗವನ ಹೆಗಲು ಹಿಡಿದ.

"ಆಚಾರ್ರ, ಒಡದ ಮನಿ ಕೂಡಿಸಿದ್ರಿ. ಅದೇನೋ ಕೇಳೋದಿತ್ತಲ್ಲ, ಕೇಳ್ರಿ ಈಗ."

ಭಾರ್ಗವನ ಜೀವನದಲ್ಲಿ ಇಂಥ ಗಳಿಗೆ ಹಿಂದೆ ಬಂದಿರಲಿಲ್ಲ, ಮುಂದೆ ಬರುವ ಲಕ್ಷಣವೂ ಇರಲಿಲ್ಲ. ನೀರು ಕುಡಿದು ಗಂಟಲು ಸರಿ ಮಾಡಿಕೊಂಡ. ಆದರೆ 'ನನಗೆ ಕೊಡಿ' ಎಂದು ನೇರವಾಗಿ ಹೇಳಲು ನಾಲಿಗೆ ಹೊರಳಲಿಲ್ಲ.

"ಸಾರ್... ನಮ್ಮ ಬಳ್ಳಾರಿ ಬ್ರಾಂಚಿನಾಗ ಒಂದು ಸೀಟು ಖಾಲಿ ಅದಲ್ಲ..."

ಚಿದಾನಂದಪ್ಪ ಅವನನ್ನೇ ನೋಡುತ್ತ ನಿಂತ. ಆಮೇಲೆ ಅವನ ಮುಖ ಅರಳಿತು. ಮೇಜಿನ ಮೇಲೆ ಹೊಡೆದ ಏಟಿಗೆ ನೀರಿನ ಲೋಟಗಳೆಲ್ಲ ಕುಣಿದವು.

"ಅವ್ವಾ! ಕೇಳಿದೇನು ಆಚಾರ್ರು ಏನಂದ್ರು? ಬಳ್ಳಾರಿ ಬ್ರಾಂಚಿನಾಗ ಸೀಟು ಖಾಲಿ ಐತಿ! ಗವಿ ಬಿಕಾಂ ಮಾಡ್ಯಾನ! ಬಂದ ಮ್ಯಾಲ ಹುಡುಗ ಏನು ಮಾಡಬೇಕಂತ ನಾ ಇನ್ನಾ ಯೋಚನೆನ ಮಾಡಿದ್ದಿಲ್ಲ, ಇವ್ರು ಮಾಡಿಟ್ಟಾರ!" ಭಾರ್ಗವನ ಕಡೆ ತಿರುಗಿದಾಗ ಅವನ ದನಿ ಒದ್ದೆಯಾಗಿತ್ತು. "ತಮಗಂತ ಏನರೆ ಕೇಳ್ತಾರಂತ ತಿಳಿದಿದ್ದೆ. ನೀವು ನಮ್ಮ ಹುಡುಗನ ಸಲುವಾಗಿ ಕೇಳಿದ್ರಿ. ಆತು, ಕೊಟ್ಟೆ. ಇಲ್ಲ ಅನ್ನಂಗಿಲ್ಲ ಅಂದಿದ್ದೆ, ಅನ್ನಲಿಲ್ಲ."

"ಸಾರ್, ಹಂಗಲ್ಲ..." ಭಾರ್ಗವ ಕೊನೆಯ ಪ್ರಯತ್ನ ಮಾಡಿದ. "ಹುಡುಗ ಅಜ್ಜಿ ಹತ್ರ ಸಿರುಗುಪ್ಪದಾಗ ಇದ್ರ ಚಲೋ ಅಲ್ರೀ? ಬೇಕಾದ್ರ ನನ್ನ ಕುರ್ಚಿ ಅವಗ ಕೊಡ್ರಿ. ನಾ ಬಳ್ಳಾರಿಗೆ ಹೋಗ್ತೀನಿ. ತ್ರಾಸ ಆದ್ರೂ ಆಗ್ಲಿ."

"ನಿಮ್ಮ ಕುರ್ಚಿ ಸುದ್ದಾ ಬಿಟ್ಟುಕೊಡ್ತೀರೇನ್ರೀ!" ಅಕ್ಕನಾಗಮ್ಮ ಕೈಜೋಡಿಸಿದಳು. "ಬ್ಯಾಡ್ರಿ ಆಚಾರ್ರ, ಅಷ್ಟು ತ್ರಾಸ ತಗೋಬ್ಯಾಡ್ರಿ. ಮುಂಬಯಿ ಕಂಡ ಹುಡುಗ ಸಿರುಗುಪ್ಪದಾಗ ನಿಲ್ಲಂಗಿಲ್ಲ, ಮತ್ತ ಓಡ್ತಾನ. ಬಳ್ಳಾರಿಯಾಗ ನಮ್ಮದೊಂದು ಮನಿ ಖಾಲಿ ಐತಿ. ನಾನ ಬಂದು ಅವಗ ಅಡಿಗಿ ಮಾಡಿ ಹಾಕ್ತೀನಿ. ಕುರುಗೋಡಿನಿಂದ ಪಾರಿಗೂ ಬಂದು ಹೋಗಾಕ ಹತ್ರ."

"ನೋಡ್ರಿ ಸಾರ್, ನಾ ಹೇಳಿದ್ನಲ್ಲ, ನಮ್ಮ ಭಾರ್ಗವಂದು ದೊಡ್ಡ ಮನಸು" ಎಂದು ದುರ್ಗೇಶ್ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಈ ಸುದ್ದಿ ನಾಳೆ ಸಿರುಗುಪ್ಪದಲ್ಲಿ ಎಷ್ಟು ಗಾತ್ರಕ್ಕೆ ಬೆಳೆಯುತ್ತದೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಭಾರ್ಗವ ಮನೆ ಸೇರಿದಾಗ ಸಂಜೆಯಾಗುತ್ತಿತ್ತು. ಶ್ರೀವಲ್ಲಿ ಬಾಗಿಲಲ್ಲೇ ನಿಂತಿದ್ದಳು.

"ಬಳ್ಳಾರಿ ಸೀಟಿಂದು ಆತೇನ್ರೀ?"

"ಆತು."

ಅವಳು ದೇವರ ಮನೆಗೆ ಓಡಿದಳು. ದೀಪಕ್ಕೆ ಎಣ್ಣೆ ಹಾಕಿ, ಕಲ್ಲುಸಕ್ಕರೆ ತಂದು ಅವನ ಕೈಗೆ ಹಾಕಿದಳು. "ಯಾವತ್ತಿನಿಂದ ಹೋಗ್ತೀರಿ?"

"ನಾನಲ್ಲ. ಗವಿಸಿದ್ದೇಶ."

"ಅವನ್ಯಾರ್ರೀ?"

ಭಾರ್ಗವ ಎಲ್ಲವನ್ನೂ ಹೇಳಬೇಕಾಯಿತು. ಕಿವುಡನಿಂದ ಶುರುಮಾಡಿ, ಮಂಗನ ಹತ್ತಿರ ಒಮ್ಮೆ ದಾರಿ ತಪ್ಪಿ, ಖಾನಾವಳಿಗೆ ಬರುವಷ್ಟರಲ್ಲಿ ಅವನ ಕಲ್ಲುಸಕ್ಕರೆ ಅಂಗೈಯಲ್ಲೇ ಕರಗಿತ್ತು. ಶ್ರೀವಲ್ಲಿ ಕೊನೆಯ ತನಕ ಕೇಳಿ, ಬಯ್ಯುವುದನ್ನೂ ಮರೆತು, "ಅಲ್ರೀ, ಆ ಹುಡುಗ ನಿಜವಾಗ್ಲೂ ಏನಂದಿದ್ದ?" ಎಂದಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗವಿಸಿದ್ದೇಶನೇ. ಮಾವನಿಂದ ನಂಬರು ಪಡೆದಿದ್ದ.

"ಸಾರ್, ನಿಮ್ಮ ಉಪಕಾರ ಮರೆಯಂಗಿಲ್ಲ. ನಾನಾಗೇ ಊರಿಗೆ ಬರಾಕ ಮುಖ ಇದ್ದಿಲ್ಲ. ಇಲ್ಲಿ ಕೆಲಸನೂ ಇಲ್ಲ. ಬರೇ 'ಸಾಬ್, ಗಾಡೀ ಕೀ ಚಾಬಿ ಗುಮ್ ಹೋ ಗಯೀ' ಅಂತ ಅಂದಿದ್ದೆ ಸಾರ್, ಕೀಲಿ ಕಳೆದುಹೋಗೇತಂತ. ಅದನ್ನ ನೀವು ಎಲ್ಲಿಗೆ ಮುಟ್ಟಿಸಿದ್ರಿ!"

"ಇರ್ಲಿ ಬಿಡಪ್ಪಾ" ಎಂದ ಭಾರ್ಗವ.

"ಇನ್ನೊಂದು ಮಾತು ಸಾರ್. ಸಂಘದ ಕೆಲಸ ನನಗೇನೂ ಬರಂಗಿಲ್ಲ. ಆಚಾರ್ರ ಹತ್ರ ಕಲಿ, ಅವರು ಇಲ್ಲ ಅನ್ನಂಗಿಲ್ಲ ಅಂತ ಮಾವ ಅಂದ. ನೀವು ದಿನಾ ಸಿರುಗುಪ್ಪಕ್ಕ ಹೋಗ್ತೀರಲ್ಲ, ಭಾನುವಾರ ಒಂದು ದಿನ ಬಳ್ಳಾರಿಯಾಗ ಇರ್ತೀರಿ. ಪ್ರತಿ ಭಾನುವಾರ ಬೆಳಿಗ್ಗಿ ನಿಮ್ಮ ಮನಿಗೆ ಬರ್ತೀನಿ. ಅಜ್ಜಿನೂ ಬರ್ತಾಳಂತ. ಟಿವ್ಯಾಗಿನ ಹಿಂದಿ ಧಾರಾವಾಹಿ ನಿಮ್ಮ ಬಾಯಿಂದ ಕೇಳಬೇಕಂತ."

ಭಾರ್ಗವ ಫೋನು ಇಟ್ಟ.

"ಏನಂತಾನ್ರೀ?" ಎಂದಳು ಶ್ರೀವಲ್ಲಿ.

ಆ ದಿನ ಮೊದಲ ಬಾರಿಗೆ ಭಾರ್ಗವ ಕೇಳಿದ್ದನ್ನು ಕೇಳಿದ ಹಾಗೆಯೇ, ಒಂದು ಮಾತೂ ಬಿಡದೆ ಹೇಳಿದ.

ಶ್ರೀವಲ್ಲಿ ನಂಬಲಿಲ್ಲ. "ಅವ ಹಂಗ ಅಂದಿರಂಗಿಲ್ಲ" ಎಂದಳು. "ನಿಮಗ ಸರಿಯಾಗಿ ಕೇಳಿಸಿಲ್ಲ."